ಕುಕ್-ಆಫ್‌ಗೆ ಯಾವ ಚಿಲಿ? ಬೀನ್ಸ್ ಇಲ್ಲದ್ದಕ್ಕೇ ನನ್ನ ಓಟು

ಮೊದಲೇ ಹೇಳಿಬಿಡುತ್ತೇನೆ. ಒಣಮೆಣಸಿನಕಾಯಿ ನೆನೆಸಿ, ರುಬ್ಬಿ, ಎಣ್ಣೆಯಲ್ಲಿ ಹುರಿದು ಮಾಡುವ ಮಾಂಸದ ಗೊಜ್ಜು, ಟೆಕ್ಸಾಸ್ ರೆಡ್ ಚಿಲಿಯೇ ನನ್ನ ಆಯ್ಕೆ. ಪ್ಯಾಕೆಟ್ ಪುಡಿಯದ್ದು, ಬೀನ್ಸ್ (ಇಲ್ಲಿ ರಾಜ್ಮಾದಂಥ ಕಾಳು) ಹಾಕಿದ್ದು, ಒಹಾಯೊ ರಾಜ್ಯದ ಸಿನ್ಸಿನಾಟಿ ಕಡೆಯ ಚಕ್ಕೆ-ಲವಂಗದ್ದು, ಎಲ್ಲ ಮಾಡಿ ನೋಡಿದ ಮೇಲೇ ಈ ಮಾತು.

ಡಾಲಸ್ ಪಕ್ಕದ ನಮ್ಮ ಬಡಾವಣೆಯಲ್ಲಿ ಚಳಿ ಶುರುವಾಗುತ್ತಿದ್ದಂತೆ ಚಿಲಿ ಕುಕ್-ಆಫ್, ಅಂದರೆ ಚಿಲಿ ಮಾಡುವ ಪಂದ್ಯ, ಇಟ್ಟುಕೊಳ್ಳುತ್ತಾರೆ. ಗೆದ್ದವರಿಗೆ ಒಂದು ಮರದ ಸೌಟು, ಅಷ್ಟೇ. ಆದರೂ ಜನ ಏನು ಹಾಕಿದೆವು ಅಂತ ಬಾಯಿ ಬಿಡುವುದಿಲ್ಲ. ಎದುರು ಮನೆಯವರು ಮಸಾಲೆ ಡಬ್ಬಿಗಳ ಲೇಬಲ್ ಕಿತ್ತೇ ಹೊರಗೆ ತರುತ್ತಾರೆ.

ಊರಿನಿಂದ ಹೊಸದಾಗಿ ಬಂದವರಿಗೆ ಒಂದು ಮಾತು. ಇಲ್ಲಿ ಚಿಲಿ ಅಂದರೆ ಮೆಣಸಿನಕಾಯಿ ಮಸಾಲೆಯಲ್ಲಿ ನಿಧಾನಕ್ಕೆ ಬೇಯಿಸಿದ ಮಾಂಸದ ಗಟ್ಟಿ ಗೊಜ್ಜು. 1977ರಲ್ಲಿ ಟೆಕ್ಸಾಸ್ ಸರ್ಕಾರ ಇದನ್ನು ರಾಜ್ಯದ ಖಾದ್ಯ ಅಂತಲೇ ಘೋಷಿಸಿತು. ಮೆಕ್ಸಿಕೊ ಗಡಿ ಹತ್ತಿರದ ಟರ್ಲಿಂಗುವಾ ಅನ್ನುವ ಪಾಳುಬಿದ್ದ ಗಣಿ ಊರಲ್ಲಿ 1967ರಲ್ಲಿ ಇಬ್ಬರು ಚಿಲಿ ಪಂದ್ಯ ಕಟ್ಟಿದರು, ಅದು ಸಮಬಲದಲ್ಲಿ ಮುಗಿಯಿತು. ಇವತ್ತಿಗೂ ಅಲ್ಲಿ ಪಂದ್ಯ ನಡೆಯುತ್ತದೆ. ಅಲ್ಲಿನ ನಿಯಮದಲ್ಲಿ ಬೀನ್ಸ್, ಅನ್ನ, ಪಾಸ್ತಾ ಯಾವುದೂ ಕೂಡದು. ಯಾರದ್ದು ಅಂತ ಗೊತ್ತಾಗದ ಹಾಗೆ ನಂಬರ್ ಹಾಕಿದ ಕಪ್ಪುಗಳಲ್ಲಿ ತೀರ್ಪುಗಾರರಿಗೆ ಕೊಡುತ್ತಾರೆ. ಘಮ, ಹದ, ಕೆಂಪು ಬಣ್ಣ, ರುಚಿ, ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ, ಇಷ್ಟನ್ನು ನೋಡುತ್ತಾರೆ. ನಮ್ಮ ಬಡಾವಣೆಯವರು ಬೀನ್ಸ್ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ಈ ಐದನ್ನು ಅಲ್ಲಿಂದಲೇ ಎತ್ತಿಕೊಂಡಿದ್ದಾರೆ. ಬಣ್ಣಕ್ಕೂ ಅಂಕ ಇದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೆಕ್ಸಾಸ್ ರೆಡ್‌ಗೆ ಮೆಕ್ಸಿಕನ್ ಅಂಗಡಿಗೆ ಹೋಗಲೇಬೇಕು. ಆಂಚೊ ಅಂದರೆ ಒಣಗಿಸಿದ ಪೊಬ್ಲಾನೊ ಮೆಣಸಿನಕಾಯಿ. ಅಂಗೈ ಅಗಲ, ಕಪ್ಪುಗೆಂಪು, ಮೂಸಿದರೆ ಒಣದ್ರಾಕ್ಷಿ ವಾಸನೆ, ಖಾರ ಇಲ್ಲವೆಂದೇ ಹೇಳಬಹುದು. ಗ್ವಾಹೀಯೊ ಇನ್ನೊಂದು ಒಣಮೆಣಸಿನಕಾಯಿ, ಉದ್ದಕ್ಕೆ, ನುಣ್ಣಗೆ, ಸ್ವಲ್ಪ ಹುಳಿ ಛಾಯೆ. ಇವೆರಡರ ಜೊತೆ ನಾನು ಬ್ಯಾಡಗಿ ಸೇರಿಸುತ್ತೇನೆ. 3 ಪೌಂಡ್ ಮಾಂಸಕ್ಕೆ 6 ಆಂಚೊ, 4 ಗ್ವಾಹೀಯೊ, 8 ಬ್ಯಾಡಗಿ. ತೊಟ್ಟು, ಬೀಜ ತೆಗೆದು ಕಾವಲಿಯ ಮೇಲೆ ಬೆಚ್ಚಗಾಗುವಷ್ಟೇ ಹುರಿಯಬೇಕು. ಘಮ ಬಂದ ಕೂಡಲೇ ಎತ್ತಬೇಕು, ಕಪ್ಪು ಚುಕ್ಕೆ ಬಿದ್ದರೆ ಇಡೀ ಪಾತ್ರೆ ಕಹಿ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಮಿಕ್ಸಿಗೆ ಹಾಕಿ. ಗ್ವಾಹೀಯೊ ಸಿಪ್ಪೆ ಮಾತ್ರ ಎಷ್ಟು ತಿರುಗಿಸಿದರೂ ಚೂರು ಚೂರಾಗಿ ಉಳಿಯುತ್ತದೆ, ಜರಡಿ ಹಿಡಿಯಲೇಬೇಕು.

ಇನ್ನು ಮುಂದಿನದು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯ ಎಷ್ಟೋ ಪಾಕವಿಧಾನಗಳಲ್ಲಿ ಈ ರುಬ್ಬಿದ್ದನ್ನು ನೇರ ಸಾರಿಗೆ ಸುರಿಯುತ್ತಾರೆ. ನಾವು ಮಂಡ್ಯ ಕಡೆಯವರು, ಮಸಾಲೆ ಎಣ್ಣೆ ಬಿಡುವ ತನಕ ಬಾಡಿಸದೆ ನೀರು ಹಾಕುವ ಜಾಯಮಾನ ನಮ್ಮದಲ್ಲ. ಅದಕ್ಕೆ ಕಾರಣವೂ ಇದೆ. ಮೆಣಸಿನಕಾಯಿಯ ಕೆಂಪು ಬಣ್ಣ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಾಡಿದ ಮೇಲೆ ರುಬ್ಬಿದ್ದು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿದ್ದರೆ, ಮೊದಲು ಇಟ್ಟಿಗೆ ಬಣ್ಣದಲ್ಲಿ ಕುದಿಯುತ್ತದೆ. ಆಮೇಲೆ ಅಂಚಿನಲ್ಲಿ ಎಣ್ಣೆ ಜಿನುಗಿ ಕಡುಗೆಂಪಾಗುತ್ತದೆ, ಸೌಟು ಎಳೆದ ಕಡೆ ತಳ ಕಾಣುತ್ತದೆ. ಆಗ ಹುರಿದು ಪುಡಿ ಮಾಡಿದ ಜೀರಿಗೆ, ಒಂದು ಚಿಟಿಕೆ ಮೆಕ್ಸಿಕನ್ ಓರೆಗಾನೊ ಎಂಬ ಒಣಗಿಸಿದ ಘಮದ ಸೊಪ್ಪು, ಆಮೇಲೆ ಮಾಂಸ. ನಮ್ಮ ಮನೆಯಲ್ಲಿ ದನದ ಮಾಂಸ ಮಾಡುವುದಿಲ್ಲ. ಹಲಾಲ್ ಅಂಗಡಿಯಿಂದ ಕುರಿಯ ಭುಜದ ಭಾಗ, ಮೂಳೆ ಬಿಡಿಸಿ, ಅರ್ಧ ಇಂಚಿನ ತುಂಡು ಮಾಡಿಸಿ ತರುತ್ತೇನೆ. ಎರಡು-ಎರಡೂವರೆ ಗಂಟೆ ಸಣ್ಣ ಉರಿ. ಮುಗಿಯಿತು.

ಪ್ಯಾಕೆಟ್ ಪುಡಿಯ ಚಿಲಿ ಕೆಟ್ಟದ್ದೇನಲ್ಲ. ಒಲೆ ಹಚ್ಚಿ ಮುಕ್ಕಾಲು ಗಂಟೆಗೆ ಊಟ. ನ್ಯೂ ಬ್ರೌನ್‌ಫೆಲ್ಸ್ ಊರಿನಲ್ಲಿದ್ದ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ 1890ರ ದಶಕದಲ್ಲಿ ಇಂಥ ಪುಡಿ ಮಾಡಿ ಮಾರಲು ಶುರುಮಾಡಿದ. ವರ್ಷವಿಡೀ ಮೆಣಸಿನಕಾಯಿ ಸಿಗದ ಕಡೆಗೂ ಚಿಲಿ ಹೋಗಿದ್ದು ಹಾಗೆ. ಒಂದೇ ಎಚ್ಚರಿಕೆ: ಆ ಪುಡಿಯಲ್ಲಿ ಜೀರಿಗೆ, ಬೆಳ್ಳುಳ್ಳಿ, ಓರೆಗಾನೊ ಎಲ್ಲ ಬೆರೆತಿರುತ್ತದೆ, ಖಾರ ಕಮ್ಮಿ. ಪಾಕವಿಧಾನದಲ್ಲಿ ನಾಲ್ಕು ಚಮಚ ಅಂತ ಬರೆದಿದ್ದರೆ ಅದರ ಜಾಗಕ್ಕೆ ಮನೆಯ ಖಾರದ ಪುಡಿ ಸುರಿಯಬೇಡಿ, ತೀರ್ಪುಗಾರರು ಹಾಲು ಕೇಳುತ್ತಾರೆ. ಪುಡಿ ಹಳೆಯದಾಗಿದ್ದರೆ ಬಣ್ಣ ಮಣ್ಣಿನಂತೆ ಕಾಣುತ್ತದೆ. ಪಂದ್ಯಕ್ಕೆ ಬೇಡ, ಮಂಗಳವಾರ ರಾತ್ರಿಗೆ ಸಾಕು.

ಈಗ ಬೀನ್ಸ್ ಚಿಲಿ, ಮತ್ತು ಅದರ ಹಿಂದೆ ಬಂದ ಸ್ಲೋ ಕುಕ್ಕರ್, ಅಂದರೆ ಕಮ್ಮಿ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ.

ಕುಕ್-ಆಫ್‌ಗೆ ಬರುವವರೆಲ್ಲ ಸ್ಲೋ ಕುಕ್ಕರ್ ಹೊತ್ತು ತರುತ್ತಾರೆ. ಮೇಜಿನ ಮೇಲೆ ಇಟ್ಟು ಪ್ಲಗ್ ಹಾಕಿದರೆ ಮಧ್ಯಾಹ್ನವೆಲ್ಲ ಬಿಸಿ ಇರುತ್ತದೆ. ನಾವೂ ಒಂದು ಕೊಂಡೆವು. ಅದರ ಜೊತೆ ಬಂದ ಪುಸ್ತಿಕೆಯಲ್ಲಿ ಸಸ್ಯಾಹಾರಿ ಚಿಲಿ ಅಂತ ಒಂದು ಪುಟ ಇತ್ತು. ಕನ್ನಡ ಸಂಘದ ಗೆಳೆಯರಲ್ಲಿ ಅರ್ಧ ಜನ ಮಾಂಸ ತಿನ್ನುವುದಿಲ್ಲ, ಅವರಿಗೂ ಒಂದು ಪಾತ್ರೆ ಇರಲಿ ಅಂತ ಅದನ್ನೇ ಹಿಡಿದೆ. ನೆನೆಸಿದ ಕಿಡ್ನಿ ಬೀನ್ಸ್, ಟೊಮೆಟೊ, ಈರುಳ್ಳಿ, ಮಸಾಲೆ ಎಲ್ಲ ಒಟ್ಟಿಗೆ ಹಾಕಿ, ಮುಚ್ಚಿ, 'ಲೋ' ಮೇಲೆ 8 ಗಂಟೆ ಬಿಡಿ ಅಂತ ಬರೆದಿತ್ತು. ಬಿಟ್ಟೆ. ರಾತ್ರಿ ಇಟ್ಟದ್ದು, ಬೆಳಗ್ಗೆ ಮುಚ್ಚಳ ತೆಗೆದರೆ ಮನೆ ತುಂಬ ಘಮ. ಬಣ್ಣವೂ ಚೆನ್ನಾಗಿತ್ತು. ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. ಮಧ್ಯಾಹ್ನದ ತನಕ 'ಹೈ' ಮೇಲೆ ಇಟ್ಟೆ. ಹೊರಗಿನ ಸಿಪ್ಪೆ ಸುಲಿದು ಬಂತು, ಒಳಗೆ ಹಿಟ್ಟು ಹಾಗೇ.

ತಪ್ಪು ಕಾಳಿನದಲ್ಲ, ಟೊಮೆಟೊದ್ದು. ಹುಳಿ ಇದ್ದ ಕಡೆ ಕಾಳಿನ ಗೋಡೆ ಕರಗುವುದಿಲ್ಲ. ಬೇಳೆ ಬೇಯುವ ಮೊದಲೇ ಹುಣಸೆಹಣ್ಣು ಹಿಂಡಬೇಡ ಅಂತ ಅಮ್ಮಂದಿರು ಹೇಳುತ್ತಿದ್ದುದು ಇದಕ್ಕೇ ಅಲ್ವಾ? ಒಲೆ ಮೇಲಾದರೆ ಉರಿ ಜಾಸ್ತಿ ಮಾಡಿ ಹೇಗೋ ದಾರಿಗೆ ತರಬಹುದು. ಸ್ಲೋ ಕುಕ್ಕರ್‌ಗೆ ಆ ಶಕ್ತಿ ಇಲ್ಲ.

ಕಾಳು ಗಟ್ಟಿ ಉಳಿದದ್ದೇ ಒಳ್ಳೆಯದಾಯಿತು, ಯಾರೂ ತಿನ್ನಲಿಲ್ಲ. ಕಿಡ್ನಿ ಬೀನ್ಸ್‌ನಲ್ಲಿ ಲೆಕ್ಟಿನ್ ಅನ್ನುವ ವಿಷಕಾರಿ ಪ್ರೋಟೀನ್ ಇರುತ್ತದೆ. ಸರಿಯಾಗಿ ಬೇಯದಿದ್ದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ಕುದಿಯದೆ ಬರೀ ಬಿಸಿಯಲ್ಲಿ ಕೂತ ಕಾಳು ಹಸಿ ಕಾಳಿಗಿಂತಲೂ ಕೆಟ್ಟದ್ದಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ 30 ನಿಮಿಷ ಕುದಿಸಿ ಅನ್ನುವುದು ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ ಸಲಹೆ. ಅಡುಗೆ ಪಾತ್ರೆ ಮಾರುವವರು ತಮ್ಮ ಪುಸ್ತಿಕೆಯಲ್ಲಿ ಈ ಒಂದು ಸಾಲು ಹಾಕಿದ್ದರೆ ಏನು ಹೋಗುತ್ತಿತ್ತು? ಕಂಪನಿಗೆ ಬರೆದೆ. ಡಬ್ಬಿಯಲ್ಲಿ ಬರುವ ಬೆಂದ ಬೀನ್ಸ್ ಬಳಸಿ ಅಂತ ಉತ್ತರ ಬಂತು. ಪುಸ್ತಿಕೆಯಲ್ಲಿ 'ನೆನೆಸಿದ' ಅಂತ ಅವರೇ ಬರೆದಿದ್ದು ಮರೆತೇ ಹೋಗಿತ್ತು.

ಈಗ ನಮ್ಮ ಮನೆಯಲ್ಲಿ ಕಾಳು ಊರಿಂದ ತಂದ ಪ್ರೆಶರ್ ಕುಕ್ಕರ್‌ನಲ್ಲಿ ಉಪ್ಪು ಹಾಕಿ ಬೇಯುತ್ತದೆ. ಬೆರಳಲ್ಲಿ ಒತ್ತಿದರೆ ಹಿಸುಕುವಂತಾದ ಮೇಲೇ ಟೊಮೆಟೊ ಜೊತೆ ಸೇರುತ್ತದೆ. ಸ್ಲೋ ಕುಕ್ಕರ್ ಬಿಸಿ ಇಡುವ ಪೆಟ್ಟಿಗೆ ಮಾತ್ರ. ಮಾಂಸದ ಚಿಲಿಯನ್ನೂ ಅದರಲ್ಲಿ ಮಾಡುವುದಿಲ್ಲ, ಯಾಕೆಂದರೆ ಮುಚ್ಚಳದ ಒಳಗಿನ ನೀರು ಹೊರಗೆ ಹೋಗುವುದೇ ಇಲ್ಲ. ಮಾಂಸ ಮೆತ್ತಗಾಗುತ್ತದೆ, ಗೊಜ್ಜು ಮಾತ್ರ ತೆಳ್ಳಗೇ ಇರುತ್ತದೆ.

ಇಷ್ಟೆಲ್ಲ ಸರಿಮಾಡಿದ ಬೀನ್ಸ್ ಚಿಲಿ ಹೇಗಿದೆ? ಚೆನ್ನಾಗಿದೆ, ಆದರೆ ನಮ್ಮ ನಾಲಿಗೆಗೆ ಅದು ರಾಜ್ಮಾನೇ. ಅನ್ನ ಕಲಸಿಕೊಂಡು ತಿನ್ನೋಣ ಅನಿಸುತ್ತದೆ. ಪಂದ್ಯದಲ್ಲಿ ಕೊಡುವುದು ಒಂದು ಸಣ್ಣ ಕಪ್ಪು, ಅದರಲ್ಲಿ ಅರ್ಧ ಕಾಳೇ ತುಂಬಿದರೆ ಮೆಣಸಿನಕಾಯಿಯ ಕೆಲಸ ಕಾಣುವುದು ಎಲ್ಲಿ?

ಸಿನ್ಸಿನಾಟಿ ಚಿಲಿ ಬೇರೆಯೇ ಕಥೆ. 1922ರಲ್ಲಿ ಮ್ಯಾಸಿಡೋನಿಯಾ ಕಡೆಯಿಂದ ಬಂದ ಅಣ್ಣತಮ್ಮಂದಿರು ಅಲ್ಲಿ ಹೋಟೆಲು ಇಟ್ಟು ಶುರುಮಾಡಿದ್ದು. ಚಕ್ಕೆ ಮುಂತಾದ ಸಿಹಿ ಮಸಾಲೆ ಹಾಕಿ, ಕೈಮಾ ತೆಳ್ಳಗೆ ಬೇಯಿಸಿ, ಸ್ಪ್ಯಾಗೆಟ್ಟಿ ಮೇಲೆ ಸುರಿದು, ಚೀಸ್ ತುರಿದು ಹಾಕುತ್ತಾರೆ. ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಇದೇ ಇಷ್ಟ. ಟೆಕ್ಸಾಸ್‌ನಲ್ಲಿ ಪಂದ್ಯಕ್ಕೆ ತೆಗೆದುಕೊಂಡು ಹೋದರೆ ಸೌಟು ಮರೆತುಬಿಡಿ. ಕೋಳಿ ಹಾಕಿದ ಬಿಳಿ ಚಿಲಿ ಸೂಪು, ಅದರ ಮಾತು ಬೇಡ.

ಇನ್ನು ಗುಟ್ಟಿನ ಸಾಮಾನುಗಳು. ಎಲ್ಲರೂ ಕೇಳುವುದು ಇದನ್ನೇ, ನನ್ನ ಪ್ರಕಾರ ಇದರ ಬೆಲೆ ನೂರಕ್ಕೆ ಹತ್ತು. ಕೋಕೋ ಪುಡಿ, ಸಕ್ಕರೆ ಇಲ್ಲದ್ದು, ಒಂದು ಟೀ ಚಮಚ ಹಾಕಿದರೆ ಬಣ್ಣ ಗಾಢವಾಗುತ್ತದೆ, ಎರಡು ಹಾಕಿದರೆ ಕೇಕ್ ವಾಸನೆ. ಬಿಯರ್ ಸುಮ್ನೆ ದಂಡ. ಫಿಲ್ಟರ್ ಕಾಫಿ ಡಿಕಾಕ್ಷನ್ ಅರ್ಧ ಲೋಟ ಹಾಕಿದಾಗ ಮಾಂಸದ ಹುರಿದ ರುಚಿ ಎದ್ದು ಬಂತು, ಆದರೆ ಚಿಕೋರಿ ಬೆರೆತ ಪುಡಿಯದ್ದು ಕಹಿ ಬಿಡುತ್ತದೆ. ಹುಣಸೆರಸ ಕಡೆಯಲ್ಲಿ ಒಂದು ಚಮಚ, ಜೊತೆಗೆ ನೆಲ್ಲಿಕಾಯಿ ಗಾತ್ರದ ಬೆಲ್ಲ: ಇದನ್ನು ಯಾರೂ ಕಂಡುಹಿಡಿಯಲಾರರು, ಎಲ್ಲರೂ ಇನ್ನೊಂದು ಚಮಚ ಕೇಳುತ್ತಾರೆ. ಟೊಮೆಟೊ ಹಾಕದ ಚಿಲಿಗೆ ಹುಳಿ ಎಲ್ಲಿಂದಲಾದರೂ ಬರಬೇಕಲ್ಲ. ಟೊಮೆಟೊ ಹಾಕಿದರೆ ಮಹಾಪಾಪ ಅನ್ನುವವರೂ ಇಲ್ಲಿದ್ದಾರೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಇದೇ ಟೆಕ್ಸಾಸ್‌ನವರು, ಅವರ ಮನೆಯ ಪಾಕವಿಧಾನವನ್ನು ಜನ ಕೇಳೀ ಕೇಳೀ ಕಾರ್ಡ್ ಅಚ್ಚು ಹಾಕಿಸಿ ಹಂಚುತ್ತಿದ್ದರು. ಅದರಲ್ಲಿ ಟೊಮೆಟೊ ಇದೆ, ಬೀನ್ಸ್ ಇಲ್ಲ.

ನಿಜವಾಗಿ ದುಡ್ಡಿಗೆ ಮೋಸವಿಲ್ಲದ್ದು ಎರಡೇ. ಒಂದು ಮಾಸಾ ಹರೀನಾ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ಅರೆದು, ಒಣಗಿಸಿದ ಹಿಟ್ಟು, ಮೆಕ್ಸಿಕನ್ನರು ರೊಟ್ಟಿಗೆ ಬಳಸುವುದು. ಎರಡು ಚಮಚ ತಣ್ಣೀರಲ್ಲಿ ಕಲಸಿ ಕೊನೆಯ ಕಾಲು ಗಂಟೆಯಲ್ಲಿ ಹಾಕಿದರೆ ಎಣ್ಣೆ, ನೀರು ಬೇರೆ ಬೇರೆ ನಿಲ್ಲದೆ ಗೊಜ್ಜು ಮಾಂಸಕ್ಕೆ ಅಂಟುತ್ತದೆ. ಕಾರ್ನ್‌ಫ್ಲೋರ್ ಹಾಕಿದರೆ ಗಟ್ಟಿಯಾಗುತ್ತದೆ, ಆ ರೊಟ್ಟಿ ಘಮ ಬರುವುದಿಲ್ಲ.

ಇನ್ನೊಂದು ಬ್ಯಾಡಗಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಬಣ್ಣಕ್ಕೆ ಹೆಸರುವಾಸಿ, ಖಾರ ಕಮ್ಮಿ. ಆಂಚೊ ಒಂದನ್ನೇ ಹಾಕಿದರೆ ಚಿಲಿ ಕಂದಾಗುತ್ತದೆ. ಬ್ಯಾಡಗಿ ಸೇರಿದರೆ ಕೆಂಪು ಬರುತ್ತದೆ, ಖಾರ ಏರುವುದಿಲ್ಲ. ಆರ್ವಿಂಗ್, ಫ್ರಿಸ್ಕೊ ಕಡೆಯ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಹೊಳಪಿಲ್ಲದೆ ಸುಕ್ಕುಸುಕ್ಕಾಗಿದ್ದರೆ ಸರಿಯಾದ ಮಾಲು. ನೇರಕ್ಕೆ, ನುಣ್ಣಗೆ, ಮಿರಮಿರ ಮಿಂಚುತ್ತಿದ್ದರೆ ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಇಟ್ಟುಬಿಡಿ.

ಸಮಯ ಇಲ್ಲದವರು, ಹಾಸ್ಟೆಲ್ ಅಡುಗೆಮನೆಯವರು ಪ್ಯಾಕೆಟ್ ಪುಡಿ ತಗೊಳ್ಳಿ, ಹುಣಸೆ-ಬೆಲ್ಲ ಸೇರಿಸಿ. ಸಸ್ಯಾಹಾರಿಗಳು ಕುಕ್ಕರ್‌ನಲ್ಲಿ ಬೇಯಿಸಿದ ಬೀನ್ಸ್‌ಗೆ ಈ ರುಬ್ಬಿದ ಮಸಾಲೆಯನ್ನೇ ಹಾಕಿ, ಪುಡಿಯ ಹತ್ತಿರ ಹೋಗಬೇಡಿ. ಶನಿವಾರ ಬೆಳಗ್ಗೆ ಒಲೆ ಮುಂದೆ ನಿಲ್ಲಲು ಬೇಜಾರಿಲ್ಲದ ನನ್ನಂಥವರಿಗೆ ರೆಡ್. ಕುರಿಮಾಂಸಕ್ಕೆ ದುಡ್ಡು ಜಾಸ್ತಿ, ನಿಜ. ಅದಕ್ಕೇ ವರ್ಷಕ್ಕೊಮ್ಮೆ ಪಂದ್ಯಕ್ಕೆ, ಇನ್ನೊಮ್ಮೆ ಯುಗಾದಿ ಮಾರನೆಯ ದಿನ ಮಾಡುತ್ತೇನೆ. ಪಂದ್ಯದ ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಡಿ, ಮೇಲೆ ಗಟ್ಟಿಯಾದ ಕೆಂಪು ಕೊಬ್ಬನ್ನು ಪೂರ್ತಿ ತೆಗೆದುಹಾಕಬೇಡಿ. ಬಣ್ಣದ ಅಂಕ ಇರುವುದು ಅದರಲ್ಲೇ.