ಹತ್ತಿ, ಲಿನನ್, ಬಿದಿರು: ಒಂದೇ ಅಳತೆಯ ಮೂರು ಅಂಗಿಗಳು

ಬಿದಿರಿನ ಬಟ್ಟೆಗೆ ನಾನು ಮರುಳಾದದ್ದು ಮುಟ್ಟಿದ ಕೂಡಲೇ. ಅಷ್ಟು ನಯ. ಆ ಮರುಳಿನ ದಂಡ ತೆತ್ತವನ ಬರಹವಿದು, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಗೆಲ್ಲುವುದು ಕೈಮಗ್ಗದ ಹತ್ತಿ. ಲಿನನ್ ಮೇಲೆ ನನಗೆ ಗೌರವವಿದೆ, ಸಲಿಗೆ ಇಲ್ಲ.

ಹೊಸ ಬಟ್ಟೆ ಬೇಕಾದರೆ ನಾನೇ ಹೊಲಿದುಕೊಳ್ಳಬೇಕು, ಹೊಲಿದದ್ದನ್ನು ಹರಿಯುವವರೆಗೆ ತೊಡಬೇಕು ಎಂದು ನಿಶ್ಚಯಿಸಿದ ಮೇಲೆ ಒಂದೇ ಕಾಗದದ ಅಚ್ಚಿನಿಂದ ಮೂರು ಅಂಗಿ ಹೊಲಿದೆ. ಒಂದು ವರ್ಷ ಸರದಿಯಂತೆ ತೊಟ್ಟೆ, ಮೂರನ್ನೂ ಕೈಯಲ್ಲೇ ಒಗೆದೆ. ಉಣ್ಣೆ, ರೇಷ್ಮೆಗಳನ್ನು ಸೇರಿಸಿಲ್ಲ; ನಾನು ಒಗೆಯುವ ರೀತಿಗೆ ಅವು ಬಾಳುವುದಿಲ್ಲ.

ಬಿದಿರಿನ ಕಿರಿಕಿರಿ ಕತ್ತರಿ ಹಾಕಿದಾಗಲೇ ಶುರುವಾಯಿತು. ಎರಡು ಪದರ ಮಡಿಸಿ, ಗುಂಡುಸೂಜಿ ಚುಚ್ಚಿ ಕತ್ತರಿಸಿದರೂ ಕೆಳಗಿನ ಪದರ ಸದ್ದಿಲ್ಲದೆ ಜಾರಿತ್ತು. ಎದೆಭಾಗದ ಎರಡು ಹೋಳುಗಳಲ್ಲಿ ಒಂದು ಇನ್ನೊಂದಕ್ಕಿಂತ ಬೆರಳಗಲ ಕಿರಿದು. ಅದನ್ನು ಹೇಗೋ ಹೊಂದಿಸಿದೆ. ಒಗೆದು ತಂತಿಗೆ ಹಾಕಿದಾಗ ನೀರಿನ ಭಾರಕ್ಕೆ ಅಂಗಿ ಕೆಳಗಿಳಿಯುತ್ತಾ ಹೋಯಿತು. ಒಣಗಿದ ಮೇಲೆ ನೋಡಿದರೆ ಬಲಗಡೆಯ ಅಂಚು ಎಡಗಡೆಗಿಂತ ಉದ್ದ. ಬಿಚ್ಚಿ ಮತ್ತೆ ಮಡಿಸಿ ಹೊಲಿದೆ. ನಾಲ್ಕನೆಯ ಸಲ ಒಗೆದು ಹಿಂಡುವಾಗ ಕಂಕುಳಿನಲ್ಲಿ ಬೆರಳು ತೂರಿತು. ಹೊಲಿಗೆ ಬಿಚ್ಚಿರಲಿಲ್ಲ, ದಾರ ಗಟ್ಟಿಯಾಗಿಯೇ ಇತ್ತು. ದಾರದ ಪಕ್ಕದಲ್ಲಿ ಬಟ್ಟೆಯ ಎಳೆಗಳೇ ಸರಿದು ಏಣಿಯ ಮೆಟ್ಟಿಲುಗಳಂತೆ ಬಾಯಿಬಿಟ್ಟಿದ್ದವು.

ಕೊಂಡ ದಿನವೇ ಒಂದು ಚೂರನ್ನು ಸುಟ್ಟು ಪರೀಕ್ಷಿಸಿದ್ದೆ. ಕಾಗದ ಸುಟ್ಟ ವಾಸನೆ, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ನೈಸರ್ಗಿಕವೇ ಸರಿ ಎಂದು ಹಿಗ್ಗಿದೆ. ಆದರೆ ಹತ್ತಿ, ಲಿನನ್, ವಿಸ್ಕೋಸ್ ಮೂರೂ ಸೆಲ್ಯುಲೋಸ್, ಅಂದರೆ ಗಿಡಮರಗಳ ನಾರಿನ ಮೂಲವಸ್ತು. ಮೂರೂ ಹಾಗೆಯೇ ಉರಿಯುತ್ತವೆ. ಅಂಗಡಿಗಳಲ್ಲಿ ಬಿದಿರಿನ ಬಟ್ಟೆ ಎಂದು ಸಿಗುವ ನಯವಾದ ಬಟ್ಟೆ ಬಹುತೇಕ ವಿಸ್ಕೋಸ್, ಅಂದರೆ ರೇಯಾನ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ಗಳಿಂದ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಆಮ್ಲದ ತೊಟ್ಟಿಗೆ ಹಾಯಿಸಿ ಎಳೆ ತೆಗೆಯುತ್ತಾರೆ. ಕಾರ್ಬನ್ ಡೈಸಲ್ಫೈಡ್ ಕಾರ್ಮಿಕರ ನರಗಳಿಗೇ ವಿಷ. ಬಿದಿರಿನಿಂದ ಮಾಡಿದ ರೇಯಾನನ್ನು ಬರೀ ಬಿದಿರು ಎಂದು ಮಾರಿದ ಕಂಪನಿಗಳ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಕ್ರಮ ಕೈಗೊಂಡಿತ್ತು. ನಾನು ಅದನ್ನು ಓದಿದ್ದು ಕಂಕುಳು ಹರಿದ ಮೇಲೆ.

ಹಿಂಡುವಾಗಲೇ ಏಕೆ ಹರಿಯಿತು ಎಂಬುದೂ ಆಗ ತಿಳಿಯಿತು. ಸಾಮಾನ್ಯ ವಿಸ್ಕೋಸ್ ನೆನೆದಾಗ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದುಕೊಳ್ಳುತ್ತದೆ. ಹತ್ತಿಯೂ ಲಿನನ್ನೂ ನೆನೆದಾಗ ಇನ್ನಷ್ಟು ಗಟ್ಟಿಯಾಗುತ್ತವೆ. ಬಕೆಟ್ಟಿನಲ್ಲಿ ನೆನೆಸಿ, ತಿಕ್ಕಿ, ಬಲವಾಗಿ ಹಿಂಡುವವನಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಏನಿದೆ? ಮೆತ್ತಗಿನ ಜೋಲು ಬಟ್ಟೆಯೇ ಬೇಕೆನ್ನುವವರು ಲಯೋಸೆಲ್ ನೋಡಬಹುದು; ಅದೂ ತಿರುಳನ್ನು ಕರಗಿಸಿ ತೆಗೆದ ಎಳೆಯೇ, ದ್ರಾವಕ ಮಾತ್ರ ಬೇರೆ. ಆ ದ್ರಾವಕವನ್ನು ಬಹುಪಾಲು ಮರಳಿ ಬಳಸುತ್ತಾರೆ, ನೆನೆದಾಗಲೂ ಲಯೋಸೆಲ್ ವಿಸ್ಕೋಸಿನಷ್ಟು ಸೋಲುವುದಿಲ್ಲ.

ಲಿನನ್ ಅಗಸೆ ಗಿಡದ ಕಾಂಡದ ನಾರು. ಕತ್ತರಿಸಲು ಸುಖ, ಉಗುರಿನಿಂದ ಗೀರಿದರೂ ಮಡಿಕೆ ನಿಲ್ಲುತ್ತದೆ. ಸೆಕೆಗೆ ಇದಕ್ಕೆ ಸಾಟಿಯಿಲ್ಲ, ಬೆವರು ಹೀರಿ ಬೇಗ ಒಣಗುತ್ತದೆ. ತೊಡಕು ನನ್ನದು: ನಾನು ಇಸ್ತ್ರಿ ಮಾಡುವವನಲ್ಲ. ತೊಟ್ಟ ಅರ್ಧ ಗಂಟೆಗೆ ಮೊಣಕೈ ಒಳಗೆ ಬೀಳುವ ಸುಕ್ಕು ಸಂಜೆಯವರೆಗೂ ಹೋಗುವುದಿಲ್ಲ. ಇಸ್ತ್ರಿ ಮಾಡಿದರೆ ಇನ್ನೊಂದು ಕಷ್ಟ. ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಿಸಿದರೆ ನಾರು ಅಲ್ಲೇ ಮುರಿಯುತ್ತದೆ. ನನ್ನ ಅಂಗಿ ಮೊದಲು ಸವೆದದ್ದು ಕಾಲರಿನ ಮಡಿಕೆಯಲ್ಲಿ. ಬೆಲೆಯೂ ಹೆಚ್ಚು. ಅದೇ ದುಡ್ಡಿಗೆ ನನಗೆ ಎರಡು ಹತ್ತಿ ಅಂಗಿಯ ಬಟ್ಟೆ ಬರುತ್ತದೆ.

ಹತ್ತಿಗೂ ದೋಷವಿಲ್ಲವೆಂದಲ್ಲ. ಬೆಳೆಗೆ ಹಲವೆಡೆ ನೀರಾವರಿ ಬೇಕು, ಕೀಟನಾಶಕವನ್ನೂ ಸುರಿಯುತ್ತಾರೆ. ಸಾವಯವ ಹತ್ತಿಯನ್ನು ಹುಡುಕಿ ತರಬೇಕು. ಕುಗ್ಗುತ್ತದೆ ಕೂಡ. ಕತ್ತರಿಸುವ ಮೊದಲು 50 ಸೆಂ.ಮೀ. ಚೌಕ ಗುರುತು ಹಾಕಿ ಬಿಸಿನೀರಿನಲ್ಲಿ ಒಗೆದಾಗ ಹಾಸಿನ ಕಡೆ (ಉದ್ದ ಎಳೆಯ ಗುಂಟ) 47ಕ್ಕೆ ಇಳಿಯಿತು, ಹೊಕ್ಕಿನ ಕಡೆ (ಅಡ್ಡ ಎಳೆಯ ಗುಂಟ) 49. ಎರಡು ಸಲ ಒಗೆದೇ ಕತ್ತರಿ ಹಾಕಿದೆ. ಅದಾದ ಮೇಲೆ ಅಂಗಿ ಅಳತೆ ಬಿಟ್ಟು ಕದಲಿಲ್ಲ. ಬಟ್ಟೆಯಲ್ಲಿ ಅಲ್ಲಲ್ಲಿ ದಪ್ಪ ನೂಲಿನ ಗಂಟುಗಳಿವೆ, ಕಿಸೆಯ ಬಳಿ ಒಂದು ಕಡಲೆಬೇಳೆಯಷ್ಟಿದೆ, ಕೈ ಹಾಕಿದಾಗಲೆಲ್ಲ ಬೆರಳಿಗೆ ಸಿಗುತ್ತದೆ. ಮೊಳೆಗೆ ಸಿಕ್ಕಿ ತೋಳು ಹರಿದಾಗ ಕತ್ತರಿಸಿ ಉಳಿದ ಚೂರಿನಿಂದಲೇ ಎಳೆ ಕಿತ್ತು ರಫೂ ಮಾಡಿದೆ. ದೂರದಿಂದ ಅದೂ ಒಂದು ಗಂಟಿನಂತೆ ಕಾಣುತ್ತದೆ.

ದಾರ ಮೂರಕ್ಕೂ ಹತ್ತಿಯದೇ, ಗುಂಡಿ ತೆಂಗಿನ ಚಿಪ್ಪಿನವು. ಹತ್ತಿ ದಾರ ಯಂತ್ರದಲ್ಲಿ ಆಗಾಗ ತುಂಡಾಗುತ್ತದೆ. ನಿಧಾನವಾಗಿ ತುಳಿದರೆ ಆಯಿತು.

ಮುಂದಿನ ಎರಡು ಅಂಗಿಗೂ ಹತ್ತಿಯನ್ನೇ ತಂದಿದ್ದೇನೆ, ಈಗ ಬಕೆಟ್ಟಿನಲ್ಲಿ ನೆನೆಯುತ್ತಿದೆ. ಬಿದಿರಿನದು ಅರ್ಧ ಮೀಟರ್ ಉಳಿದಿದೆ. ಕಿಸೆಯ ಒಳಪದರಕ್ಕೆ ಹಾಕೋಣವೆಂದರೆ ಒಗೆದಾಗ ಅದು ಜೋಲುತ್ತದೆ, ಹತ್ತಿ ಜೋಲುವುದಿಲ್ಲ. ಸದ್ಯಕ್ಕೆ ಅದರಿಂದ ಕನ್ನಡಕ ಒರೆಸುತ್ತಿದ್ದೇನೆ.