ಪ್ಲಗ್ ಥ್ರೆಡ್ ಹೋದರೆ ‘ಅರ್ಧ ಗಂಟೆ ಕೆಲಸ ಸಾರ್’ ಅನ್ನುವವರ ಕೈಗೆ ಕಾರು ಕೊಡಬೇಡಿ

ನಮ್ಮ ಮನೆಯಲ್ಲಿರುವುದು 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ಕೊನೆಯವರೆಗೂ ಅದನ್ನು ಫಿಯಟ್ ಅಂತಲೇ ಕರೆದರು, ನಮಗೂ ಅದೇ ರೂಢಿ. ಒಂದೇ ಒಂದು ಸ್ಪಾರ್ಕ್ ಪ್ಲಗ್ಗಿನ ದೆಸೆಯಿಂದ ಕಳೆದ ವರ್ಷ ಅದರ ಎಂಜಿನ್ ಪೂರ್ತಿ ಬಿಚ್ಚಿಸಬೇಕಾಯಿತು. ಹಳೇ ಕಾರು ಇಟ್ಟುಕೊಂಡವರು ದಯವಿಟ್ಟು ಓದಿ.

ಮೈಸೂರಿನಿಂದ ಮಡಿಕೇರಿಗೆ ಮದುವೆಗೆ ಹೊರಟಿದ್ದೆವು. ಹಿಂದಿನ ದಿನ ಸಂಜೆ ಮನೆ ಹತ್ತಿರದ ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬದಲಾಯಿಸಲು ಹೇಳಿದೆ. ಎಂಜಿನ್ ಇನ್ನೂ ಕೈ ಸುಡುವಷ್ಟು ಬಿಸಿ. ಹುಡುಗ ಹಾಗೇ ಹಳೇ ಪ್ಲಗ್ ಬಿಚ್ಚಿದ. ಹೊಸದನ್ನು ಕೈಯಲ್ಲಿ ತಿರುಗಿಸಿ ಕೂರಿಸಲೇ ಇಲ್ಲ, ನೇರವಾಗಿ ಸ್ಪಾನರ್‌ಗೆ ಸಿಕ್ಕಿಸಿ ತಿರುಗಿಸಿದ. ಮೂರನೆಯದು ಕಿರ್ ಅಂತು. ‘ಹಳೇ ಗಾಡಿ ಅಲ್ವಾ ಸಾರ್, ಸ್ವಲ್ಪ ಟೈಟು’ ಅಂದ. ನಾನೂ ‘ಬೇಗ ಮುಗಿಸಪ್ಪ’ ಅಂದೆ. ಆ ತಪ್ಪು ನನ್ನದೇ.

ಈ 1089 ಸಿಸಿ ಎಂಜಿನ್ನಿನ ಬ್ಲಾಕ್ (ಸಿಲಿಂಡರ್‌ಗಳಿರುವ ಕೆಳಭಾಗ) ಬೀಡುಕಬ್ಬಿಣ, ಪ್ಲಗ್ ಕೂರುವ ಹೆಡ್ (ಮೇಲಿನ ಮುಚ್ಚಳ) ಮಾತ್ರ ಅಲ್ಯುಮಿನಿಯಂ. ಪ್ಲಗ್ ಉಕ್ಕು. ಉಕ್ಕಿನ ಥ್ರೆಡ್ಡು, ಅಂದರೆ ಸ್ಕ್ರೂ ಸುತ್ತು, ಓರೆಯಾಗಿ ಅಲ್ಯುಮಿನಿಯಂ ಒಳಗೆ ಹೊಕ್ಕರೆ ತನ್ನದೇ ದಾರಿ ಕೊರೆದುಕೊಂಡು ಹೋಗುತ್ತೆ, ಮೊದಲಿದ್ದ ದಾರಿ ಅಳಿಸಿಹೋಗುತ್ತೆ. ಬಿಸಿ ಇರುವಾಗಲೇ ಬಿಚ್ಚಿದರಂತೂ ಥ್ರೆಡ್ಡೇ ಪ್ಲಗ್ ಜೊತೆ ಕಿತ್ತುಬರಬಹುದು.

ಮರುದಿನ ಹುಣಸೂರು ದಾಟಿದ ಮೇಲೆ ಬಾನೆಟ್ ಒಳಗಿಂದ ಫಸ್ ಫಸ್ ಸದ್ದು ಶುರುವಾಯಿತು. ಪಿರಿಯಾಪಟ್ಟಣ ಇನ್ನೂ ದೂರ ಇರುವಾಗಲೇ ಕಲ್ಲು ಹೊಡೆದಂತೆ ಟಪ್ ಅಂತು. ನಿಲ್ಲಿಸಿ ನೋಡಿದರೆ ಮೂರನೇ ಪ್ಲಗ್ ವೈರಿಗೆ ಜೋತುಬಿದ್ದಿದೆ. ಅದರ ಥ್ರೆಡ್ ಸಂದಿಯಲ್ಲೆಲ್ಲ ಬೆಳ್ಳಿ ತಂತಿ ಸುತ್ತಿದ ಹಾಗೆ ಅಲ್ಯುಮಿನಿಯಂ. ರೇಷ್ಮೆ ಸೀರೆಯಲ್ಲಿದ್ದ ನನ್ನ ಹೆಂಡತಿ ಬಸ್ಸಿಗೆ ಕೈ ಅಡ್ಡ ಹಿಡಿದು ಮದುವೆಗೆ ಹೋದಳು. ನಾನು ಕಾರು ಎಳೆಸಿಕೊಂಡು ವಾಪಸ್.

ಇಲ್ಲಿಯವರೆಗಿನದು ದೊಡ್ಡ ವಿಷಯವಲ್ಲ. ಥ್ರೆಡ್ ಹೋಗುತ್ತೆ, ಸರಿಯೂ ಆಗುತ್ತೆ. ನಾನು ಕೆಟ್ಟದ್ದು ಆಮೇಲೆ.

ಎರಡನೇ ಗ್ಯಾರೇಜಿನವರು ‘ಹೆಡ್ ಎಲ್ಲಾ ಯಾಕ್ ಇಳಿಸ್ತೀರಾ ಸಾರ್, ಗಾಡಿ ಮೇಲೇ ಹೆಲಿಕಾಯಿಲ್ ಹಾಕ್ಕೊಡ್ತೀನಿ, ಅರ್ಧ ಗಂಟೆ’ ಅಂದರು. ಹೆಲಿಕಾಯಿಲ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ಹಾಳಾದ ತೂತನ್ನು ಅದಕ್ಕೇ ಬರುವ ದಪ್ಪ ಟ್ಯಾಪ್‌ನಿಂದ (ಥ್ರೆಡ್ ಕೊರೆಯುವ ಉಪಕರಣ) ಹೊಸದಾಗಿ ಕೊರೆದು, ಸುರುಳಿಯನ್ನು ಒಳಗೆ ತಿರುಗಿಸಿದರೆ ಮತ್ತೆ ಹಳೇ 14 ಮಿ.ಮೀ. ಅಳತೆಯೇ ಸಿಗುತ್ತೆ. ಪದ್ಧತಿ ಒಳ್ಳೆಯದೇ, ಬೇಕಾದಷ್ಟು ಕಡೆ ಬಳಸುತ್ತಾರೆ. ಆದರೆ ಸುರುಳಿಯ ತುದಿಯಲ್ಲಿ ಅದನ್ನು ಹಿಡಿದು ತಿರುಗಿಸಲು ಒಂದು ಪುಟ್ಟ ಬಾಲ ಇರುತ್ತೆ, ಕೂರಿಸಿದ ಮೇಲೆ ಅದನ್ನು ಮುರಿಯಬೇಕು. ಬೇರೆ ಬೋಲ್ಟ್ ತೂತಾದರೆ ಮುರಿದ ಬಾಲ ತಳದಲ್ಲಿ ಬಿದ್ದಿರುತ್ತೆ, ತೊಂದರೆಯಿಲ್ಲ. ಪ್ಲಗ್ ತೂತಿನ ತಳದಲ್ಲಿರುವುದು ಪಿಸ್ಟನ್!

ಟ್ಯಾಪಿಗೆ ಗ್ರೀಸ್ ಮೆತ್ತಿದ್ದನ್ನು ನಾನೇ ನೋಡಿದೆ. ಚೂರುಗಳೆಲ್ಲ ಗ್ರೀಸಿಗೆ ಅಂಟಿಕೊಂಡು ಬರುತ್ತವೆ ಅಂದರು. ಒಂದಷ್ಟು ಬಂದವು ಕೂಡ. ಬಾಲ ಮುರಿದದ್ದು ಯಾವಾಗ, ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ. ಅಂಥದ್ದೊಂದು ಇದೆ ಅಂತಲೇ ಆಗ ಗೊತ್ತಿರಲಿಲ್ಲ. 1,200 ರೂಪಾಯಿ ಕೊಟ್ಟು ಖುಷಿಯಾಗಿ ಮನೆಗೆ ಬಂದೆ.

ಇನ್ನೂರು ಕಿಲೋಮೀಟರ್ ಓಡಿರಲಿಲ್ಲ. ಮೊದಲು ಟಿಕ್ ಟಿಕ್, ಆಮೇಲೆ ನೀಲಿ ಹೊಗೆ. ಪ್ಲಗ್ ನೋಡೋಣ ಅಂತ ಬಿಚ್ಚಿದರೆ ಸುರುಳಿಯೂ ಅದರ ಜೊತೆಗೇ ಹೊರಗೆ ಬಂತು.

ಕೊನೆಗೆ ಹಳೇ ಲೇತ್ ಅಂಗಡಿಯ ಹಿರಿಯರೊಬ್ಬರ ಬಳಿ ಹೋದೆ. ಅವರು ತೂತಿಗೆ ಟಾರ್ಚ್ ಬಿಟ್ಟು ಒಂದು ನಿಮಿಷ ನೋಡಿ, ‘ಟ್ಯಾಪು ಓರೆ ಹೋಗಿದೆ ಸ್ವಾಮಿ, ಹೆಡ್ ಇಳಿಸದೆ ನಾನು ಕೈ ಹಾಕಲ್ಲ’ ಅಂದರು. ಇಳಿಸಿದೆವು. ಮೂರನೇ ಪಿಸ್ಟನ್ನಿನ ತಲೆ ಮೇಲೆ ಉಗುರು ಕತ್ತರಿಸಿದ ಚೂರಿನಷ್ಟು ಉಕ್ಕು ನಾಟಿಕೊಂಡಿತ್ತು, ಸುತ್ತಲೂ ಸುತ್ತಿಗೆ ಬಡಿದಂಥ ಗುಳಿಗಳು. ಸಿಲಿಂಡರ್ ಗೋಡೆಯ ಮೇಲೆ ಉದ್ದಕ್ಕೆ ಗೀರು, ಬೆರಳಾಡಿಸಿದರೆ ಉಗುರು ತಡೆಯುತ್ತಿತ್ತು. ಗೀರು ಹೋಗಲು ಒಂದು ಸಿಲಿಂಡರ್ ಬೋರ್ ಮಾಡಿಸಿದರೆ, ಅಂದರೆ ಕೊರೆಸಿ ಅಗಲ ಮಾಡಿಸಿದರೆ, ನಾಲ್ಕನ್ನೂ ಮಾಡಿಸಬೇಕು. ಓವರ್‌ಸೈಜ್ ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಸಾಮಾನು ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಓಡಾಟ, ಎಲ್ಲ ಸೇರಿ 46 ಸಾವಿರ.

ಪ್ಲಗ್ ತೂತಿಗೆ ಅವರು ಹಾಕಿದ್ದು ಸುರುಳಿಯಲ್ಲ, ಮೇಲೆ ಅಂಚಿರುವ ಗಟ್ಟಿ ಉಕ್ಕಿನ ಬುಷ್ (ಪುಟ್ಟ ಕೊಳವೆ). ಪ್ಲಗ್ ಬಿಗಿ ಮಾಡಿದಷ್ಟೂ ಆ ಅಂಚು ಹೆಡ್ಡಿನ ಮೇಲೆ ಒತ್ತಿ ಕೂರುತ್ತೆ, ಒಳಗೆ ಬೀಳುವ ಮಾತೇ ಇಲ್ಲ. ಹೆಡ್ ಇಳಿಸೋದು ಅಂದರೆ ನಾನು ಸುಮ್ಮನೆ ಹೆದರಿದ್ದೆ. ಈ ಎಂಜಿನ್ನಿನ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಕೆಳಗೆ ಬ್ಲಾಕಿನಲ್ಲಿ, ಹಾಗಾಗಿ ಅದನ್ನು ತಿರುಗಿಸುವ ಟೈಮಿಂಗ್ ಚೈನ್ ಮುಟ್ಟಬೇಕಾಗಿಯೇ ಇಲ್ಲ. ನೀರು ಇಳಿಸಿ, ಮ್ಯಾನಿಫೋಲ್ಡ್, ರಾಕರ್, ಪುಶ್‌ರಾಡ್ ತೆಗೆದರೆ ಹೆಡ್ ಕೈಗೆ ಬರುತ್ತೆ. ಮೊದಲೇ ಹೀಗೆ ಮಾಡಿಸಿದ್ದರೆ ಒಂದು ದಿನದ ಕೂಲಿ ಮತ್ತು ಗ್ಯಾಸ್ಕೆಟ್ಟಿನಲ್ಲಿ ಮುಗಿಯುತ್ತಿತ್ತು.

ಈಗ ಪ್ಲಗ್ ನಾನೇ ಹಾಕುತ್ತೇನೆ, ಎಂಜಿನ್ ತಣ್ಣಗಾದ ಮೇಲೆ. ಗೇಣುದ್ದದ ಪೆಟ್ರೋಲ್ ಪೈಪ್ ತುಂಡನ್ನು ಪ್ಲಗ್ ತಲೆಗೆ ಸಿಕ್ಕಿಸಿ ಅದರಿಂದಲೇ ತಿರುಗಿಸುವುದು. ಥ್ರೆಡ್ ಓರೆ ಹಿಡಿದರೆ ಪೈಪೇ ಜಾರುತ್ತೆ, ಹೆಡ್ಡಿಗೆ ಏನೂ ಆಗಲ್ಲ. ವಾಷರ್ ತಾಗುವವರೆಗೂ ಸ್ಪಾನರ್ ಮುಟ್ಟಲ್ಲ. ತಾಗಿದ ಮೇಲೆ ಹೊಸ ಪ್ಲಗ್ಗಿಗೆ ಅರ್ಧ ಸುತ್ತು ಸಾಕು. ಹಳೇದನ್ನೇ ಮತ್ತೆ ಹಾಕುವುದಾದರೆ ಅದರ ವಾಷರ್ ಆಗಲೇ ಚಪ್ಪಟೆಯಾಗಿರುತ್ತೆ, ಕಾಲು ಸುತ್ತೂ ಬೇಡ.

ಹೆಡ್ ಕೆಳಗಿದ್ದಾಗಲೇ ಉಳಿದ ಮೂರು ತೂತಿಗೂ ಬುಷ್ ಹಾಕಿಸಿಬಿಡಬೇಕಿತ್ತು. ಆ ಹಿರಿಯರು ಕೇಳಿದ್ದರು, ನಾನೇ ದುಡ್ಡಿನ ಮುಖ ನೋಡಿ ಬೇಡ ಅಂದೆ. ಮೊನ್ನೆ ಬಿಚ್ಚಿದಾಗ ಎರಡನೇ ಪ್ಲಗ್ಗಿನ ಥ್ರೆಡ್ ಸಂದಿಯಲ್ಲೂ ಒಂದೆರಡು ಬೆಳ್ಳಿ ಎಳೆ ಕಂಡವು.