ನಮ್ಮೂರ ಡಿಗ್ರಿ ಕಾಲೇಜು, ಬಿ.ಎ. ವಿಭಾಗ: ಐದಕ್ಕೆ ಮೂರೂವರೆ

ಹಣೆಗೆ ಅಂಗಾರ-ಅಕ್ಷತೆ, ಕೆನ್ನೆಗೆ ಗೋಪಿಚಂದನದ ಮುದ್ರೆ, ಅಂದರೆ ಮಾಧ್ವರ ಗುರುತು. ಹೀಗೇ ಮೂರು ವರ್ಷ ಇಲ್ಲಿ ಓದಿದವನು ನಾನು. ಹೊಸದಾಗಿ ಸೇರುವವರು ಕೇಳೋದು ಒಂದೇ: ಮೇಷ್ಟ್ರುಗಳು ಹಣೆ ನೋಡಿ ಅಂಕ ಕೊಡ್ತಾರಾ?

ಬಹುಪಾಲು ಇಲ್ಲ. ಇತಿಹಾಸದ ಮೇಷ್ಟ್ರು ಅಪ್ಪಟ ನಾಸ್ತಿಕರು. ಮಧ್ವಾಚಾರ್ಯರ ಬಗ್ಗೆ ನಾನು ಸೆಮಿನಾರ್ ಕೊಟ್ಟಾಗ ‘ಮಠದ ಕಥೆ ಸಾಕು, ಶಾಸನ ಎಲ್ಲಪ್ಪಾ?’ ಅಂತ ಬೆವರಿಳಿಸಿದರು. ಇಂಟರ್ನಲ್‌ನಲ್ಲಿ ಮಾತ್ರ ಕ್ಲಾಸಿಗೇ ಹೆಚ್ಚು ಅಂಕ ನನಗೇ. ಇನ್ನೊಬ್ಬರು ಹಾಜರಿ ಕೂಗುವಾಗಲೂ ‘ಏನಯ್ಯಾ ಪುರೋಹಿತ’ ಅನ್ನುತ್ತಿದ್ದರು, ಕ್ಲಾಸೆಲ್ಲ ನಗು. ಅವರು ಕೊಟ್ಟ ಅಂಕಕ್ಕೆ ಕಾರಣ ಕೇಳಿದರೆ ಉತ್ತರವಿಲ್ಲ. ಸೆಮಿಸ್ಟರ್ ಉತ್ತರಪತ್ರಿಕೆಗಾದರೆ ಹೆಸರು ಕಾಣದಂತೆ ಕೋಡ್ ಹಾಕುತ್ತಾರೆ, ಇಂಟರ್ನಲ್‌ಗೆ ಆ ಮರೆ ಇಲ್ಲ.

ಆದರೂ ನನ್ನದು ಸಣ್ಣ ತಕರಾರು. ರಾಜ್ಯ ಸರ್ಕಾರದ 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶದ ಬಳಿಕ ಹಿಜಾಬ್ ಹಾಕುವ ಸಹಪಾಠಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ನನ್ನ ಮುದ್ರೆಯನ್ನು ಯಾರೂ ಪ್ರಶ್ನಿಸಲಿಲ್ಲ. ಅವಳಿಗೆ ವಾರವಾರವೂ ನೋಟ್ಸ್ ಮುಟ್ಟಿಸಿದ್ದು ಅದೇ ನಾಸ್ತಿಕ ಮೇಷ್ಟ್ರು. ಮುಕ್ಕೋಟಿ ದೇವರನ್ನು ನಂಬುವ ಪ್ರಿನ್ಸಿಪಾಲರು ಫೋನೂ ಎತ್ತಲಿಲ್ಲ.

ಲೈಬ್ರರಿ ಚೆನ್ನಾಗಿದೆ. ಏಕಾದಶಿ ದಿನ ಕ್ಯಾಂಟೀನ್‌ನಲ್ಲಿ ಹಣ್ಣೂ ಸಿಗಲ್ಲ, ಮನೆಯಿಂದಲೇ ತನ್ನಿ.